ಅಮ್ಮ ಸಹಿ ಹಾಕದ ಕಾಗದ

ಗೌರಿ ಹಬ್ಬಕ್ಕೆ ಇನ್ನು ಕೆಲವೇ ದಿನಗಳಿರುವಾಗ, ಮೈಸೂರಿನಲ್ಲಿ ನಮ್ಮ ಮನೆಗೆ ಹತ್ತಿರದ ದೊಡ್ಡ ದಿನಸಿ ಮಳಿಗೆಯೊಂದರಿಂದ ನನ್ನ ತಾಯಿ ಬಿಲ್ಲಿಗೆ ಸೇರದ ಒಂದು ಕೇಸರಿ ಡಬ್ಬಿಯೊಂದಿಗೆ ಹೊರಬಂದರು. ಬಾಗಿಲಿನಲ್ಲಿ ಅಲಾರಂ ಕೂಗಿತು. ಕಾವಲುಗಾರ ತಡೆದು ಅವರನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದ. ಅಲ್ಲಿ ಅವರ ಮುಂದೆ ಅಚ್ಚು ಹಾಕಿದ ಕಾಗದವೊಂದನ್ನಿಟ್ಟು ಸಹಿ ಹಾಕುವಂತೆ ಹೇಳಲಾಯಿತು. ಅಲ್ಲಿಂದ ಮುಂದೆ ನಡೆದದ್ದನ್ನು ಕ್ರಮವಾಗಿ ಬರೆದಿಡಬೇಕೆಂದು ನನಗೆ ಅನ್ನಿಸಿದ್ದಕ್ಕೆ ಕಾರಣವಿದೆ. ಮಕ್ಕಳು ದೂರದಲ್ಲಿದ್ದು, ವಯಸ್ಸಾದ ತಂದೆತಾಯಿಯರು ತಾವೇ ಅಂಗಡಿಗೆ ಹೋಗಿಬರುವ ಮನೆಗಳು ನಮ್ಮ ಊರುಗಳಲ್ಲಿ ಈಗ ಬಹಳ. ಅಂಥ ಕೋಣೆಯಲ್ಲಿ ಏನು ನಡೆಯುತ್ತದೆ, ಏನು ನಡೆಯಕೂಡದು ಎಂಬುದು ಆ ಹಿರಿಯರಿಗೂ ಅವರ ಮಕ್ಕಳಿಗೂ ಮೊದಲೇ ಗೊತ್ತಿದ್ದರೆ, ಅವಮಾನದ ಗಾಬರಿಯಲ್ಲಿ ಕೈ ತಾನಾಗಿ ಲೇಖನಿಯ ಕಡೆಗೆ ಹೋಗುವುದು ತಪ್ಪುತ್ತದೆ.

ಅಮ್ಮ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಎಪ್ಪತ್ತರ ಸಮೀಪದಲ್ಲಿದ್ದಾರೆ. ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಮಾತ್ರೆ ತೆಗೆದುಕೊಳ್ಳುತ್ತಾರೆ, ಆದರೆ ಮನೆಯ ಲೆಕ್ಕವನ್ನು ಈಗಲೂ ಅವರೇ ನೋಡಿಕೊಳ್ಳುತ್ತಾರೆ. ಅಂದು ಅವರು ಬಾಗಿನಕ್ಕೆ ಬೇಕಾದ ಬೇಳೆಕಾಳು, ಅಕ್ಕಿ, ಬೆಲ್ಲ, ಅರಿಸಿನ ಕುಂಕುಮ, ಜೊತೆಗೆ ಹಬ್ಬದ ಅಡುಗೆಗೆಂದು ಒಂದು ಗ್ರಾಂ ಕೇಸರಿಯ ಸಣ್ಣ ಡಬ್ಬಿಯನ್ನು ತೆಗೆದುಕೊಂಡಿದ್ದರು. ಬುಟ್ಟಿಯ ಜಾಲರಿಯ ಸಂದಿಯಿಂದ ಆ ಡಬ್ಬಿ ಜಾರಿ ಬೀಳಬಹುದೆಂದು ಅದನ್ನು ಕನ್ನಡಕದ ಪೆಟ್ಟಿಗೆಯ ಜೊತೆಗೆ ಕೈಯಲ್ಲೇ ಹಿಡಿದುಕೊಂಡಿದ್ದರಂತೆ. ಬಿಲ್ಲಿಂಗ್ ಕೌಂಟರಿನಲ್ಲಿ ಸರದಿ ಬಂದಾಗ ಹಿಂದೆ ಜನ ನಿಂತಿದ್ದರು. ಸಾಮಾನನ್ನು ಮೇಜಿನ ಮೇಲಿಟ್ಟು, ಕೈಚೀಲದಿಂದ ಮೊಬೈಲ್ ತೆಗೆದು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಮೊತ್ತ ಸರಿಯಾಗಿದೆಯೇ ಎಂದು ಕನ್ನಡಕ ಹಾಕಿ ನೋಡಿ, ಯುಪಿಐ ಪಿನ್ ಒತ್ತಿ, ಹಣ ಹೋಗಿದೆಯೆಂಬ ಸಂದೇಶವನ್ನು ಆ ಹುಡುಗಿಗೆ ತೋರಿಸಿ, ಕನ್ನಡಕ ತೆಗೆದು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನೂ ಅದರ ಜೊತೆಗಿದ್ದುದನ್ನೂ ಒಟ್ಟಿಗೇ ಕೈಚೀಲಕ್ಕೆ ಸೇರಿಸಿ, ಇನ್ನೊಂದು ಕೈಯಲ್ಲಿ ಸಾಮಾನಿನ ಚೀಲ ಹಿಡಿದು ಅವರು ಹೊರಟರು. ಈ ವಿವರಗಳು ನಮಗೆ ಪೂರ್ತಿಯಾಗಿ ಸಿಕ್ಕಿದ್ದು ಆಮೇಲೆ, ಮಳಿಗೆಯ ಕ್ಯಾಮೆರಾದ ದೃಶ್ಯ ನೋಡಿದಾಗ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಗಿರಾಕಿಯ ಕೈಗೆ ಸಾಮಾನು ತಲುಪುವ ಮೊದಲೇ ಅದು ಶೆಟ್ಟರ ಚೀಟಿಯಲ್ಲಿ ಏರಿರುತ್ತಿತ್ತು. ಕೇಳುವುದಷ್ಟೇ ನಮ್ಮ ಕೆಲಸ. ತೆಗೆದುಕೊಡುವುದು, ತೂಗುವುದು, ಕಟ್ಟುವುದು, ಬರೆಯುವುದು ಎಲ್ಲವೂ ಅವರ ಕೆಲಸವಾಗಿತ್ತು. ಗಿರಾಕಿಯೇ ಕಪಾಟಿನಿಂದ ಎತ್ತಿಕೊಳ್ಳುವ ಪದ್ಧತಿ 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ತೆರೆದ ಪಿಗ್ಲಿ ವಿಗ್ಲಿ ಅಂಗಡಿಯಿಂದ ಜನಪ್ರಿಯವಾಗುತ್ತಾ ಬಂದು, ನಮ್ಮ ಬಡಾವಣೆಗಳಿಗೂ ಈಗ ತಲುಪಿದೆ. ಈ ಪದ್ಧತಿಯಲ್ಲಿ ನೌಕರರ ಖರ್ಚು ಉಳಿಯುತ್ತದೆ, ಗಿರಾಕಿಗೆ ಆಯ್ಕೆ ಹೆಚ್ಚುತ್ತದೆ. ಅದರ ಜೊತೆಗೆ, ಎತ್ತಿಕೊಂಡ ಪ್ರತಿಯೊಂದು ವಸ್ತುವೂ ಮೇಜಿನ ಮೇಲೆ ಬಂದಿದೆಯೇ ಎಂದು ನೆನಪಿಟ್ಟುಕೊಳ್ಳುವ ಹೊಣೆಯೂ ಅಂಗಡಿಯವರಿಂದ ಗಿರಾಕಿಗೆ ವರ್ಗವಾಗಿದೆ. ಹಾಗೆ ವರ್ಗವಾದ ಹೊಣೆಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ವಸ್ತು ತಪ್ಪಿಹೋಗುವುದು ಆ ವ್ಯವಸ್ಥೆಯ ಒಳಗೇ ಇರುವ ಸಂಗತಿ. ಮಗುವಿನ ಕೈಯಲ್ಲಿ ಉಳಿದ ಬಿಸ್ಕತ್ತು, ಟ್ರಾಲಿಯ ಕೆಳತಟ್ಟೆಯ ಅಕ್ಕಿಚೀಲ, ಬಾರ್‌ಕೋಡ್ ಓದದೆ ಬದಿಗಿಟ್ಟು ಮರೆತುಹೋದ ಸಾಬೂನು, ಇವೆಲ್ಲ ಅದೇ ಜಾತಿಯವು.

ಬಾಗಿಲಿನಲ್ಲಿ ಕೂಗುವ ಅಲಾರಂ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದೂ ಮುಖ್ಯ. ಬೆಲೆಬಾಳುವ ಸಣ್ಣ ವಸ್ತುಗಳಿಗೆ ಅಂಟಿಸುವ ಬಿಳಿಯ ತೆಳು ಪಟ್ಟಿಗಳಲ್ಲಿ ಒಂದು ಬಗೆಯೊಳಗೆ ಲೋಹದ ಸಣ್ಣ ಎಳೆಗಳಿರುತ್ತವೆ. ಬಾಗಿಲಿನ ಎರಡು ಕಂಬಗಳ ನಡುವೆ ಸುಮಾರು 58 ಕಿಲೋಹರ್ಟ್ಸ್ ಆವರ್ತನದ ಕಾಂತಕ್ಷೇತ್ರ ಮಿಡಿಯುತ್ತಿರುತ್ತದೆ. ಅದಕ್ಕೆ ಸಿಕ್ಕಿದ ಎಳೆ ಕಂಪಿಸುತ್ತದೆ, ಆ ಕಂಪನವನ್ನು ಕಂಬ ಗುರುತಿಸಿ ಕೂಗುತ್ತದೆ. ಬಿಲ್ಲು ಮಾಡುವವರು ವಸ್ತುವನ್ನು ಮೇಜಿನ ಮೇಲಿನ ಪ್ಯಾಡಿಗೆ ತಾಗಿಸಿದಾಗ ಪಟ್ಟಿ ನಿಷ್ಕ್ರಿಯವಾಗುತ್ತದೆ. ಹಣ ಕೊಟ್ಟ ವಸ್ತುವನ್ನೇ ಅವರು ಸರಿಯಾಗಿ ತಾಗಿಸದಿದ್ದರೂ ಅಲಾರಂ ಕೂಗುತ್ತದೆ. ಹೀಗಾಗಿ ಆ ಸದ್ದಿನಿಂದ ಸಾಬೀತಾಗುವುದು ಒಂದೇ ವಿಷಯ, ಬಾಗಿಲನ್ನು ದಾಟುತ್ತಿರುವ ಒಂದು ಪಟ್ಟಿ ಇನ್ನೂ ಸಕ್ರಿಯವಾಗಿದೆ ಎಂಬುದು. ಅಂದು ಕಾವಲುಗಾರ ಬಿಲ್ಲನ್ನೂ ಚೀಲವನ್ನೂ ನೋಡಿ ಸರಿಯಿದೆ ಎಂದ ಮೇಲೆ, ಕೈಚೀಲದಲ್ಲಿ ಏನಾದರೂ ಇರಬಹುದೆಂದು ಅಮ್ಮನೇ ಅದನ್ನು ತೆರೆದು ನೋಡಿದರು. ಡಬ್ಬಿಯನ್ನು ತಾವೇ ಹೊರಗೆ ತೆಗೆದು, ‘ಅಯ್ಯೋ, ಇದು ಬಿಲ್ಲಿಗೆ ಹಾಕೋದು ಬಿಟ್ಟುಹೋಗಿದೆಯಲ್ಲಪ್ಪ, ಈಗಲೇ ಹಾಕಿಸ್ಕೊಂಡು ಬರ್ತೀನಿ’ ಎಂದರು. ಬೆಲೆ ನಾನೂರು ರೂಪಾಯಿಯ ಆಸುಪಾಸು. ಹಣ ಕೊಡಲು ಅವರು ಅಲ್ಲೇ ಮುಂದಾದದ್ದು ಮುಂದಿನ ಎಲ್ಲ ಮಾತುಕತೆಯಲ್ಲೂ ನಮ್ಮ ಪರವಾಗಿ ನಿಂತ ಅಂಶ.

ಆದರೆ ಅವರನ್ನು ಕೌಂಟರಿಗೆ ಕಳಿಸಲಿಲ್ಲ. ಗೋದಾಮಿನ ಪಕ್ಕದ ಕಿಟಕಿಯಿಲ್ಲದ ಕೋಣೆಗೆ ಕರೆದೊಯ್ದರು. ಅಲ್ಲಿ ವ್ಯವಸ್ಥಾಪಕರು ಬಂದು, ಡಬ್ಬಿಯನ್ನು ಅಮ್ಮನ ಕೈಯಲ್ಲಿ ಹಿಡಿಸಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು, ಆಧಾರ್ ಕಾರ್ಡ್ ಕೇಳಿ ಪಡೆದು ಮೇಜಿನ ಖಾನೆಯಲ್ಲಿಟ್ಟರು. ಗೋಡೆಯ ಮೇಲಿನ ಫಲಕದಲ್ಲಿ, ಕಳವು ಮಾಡಿದವರು ವಸ್ತುವಿನ ಬೆಲೆಯ ಹತ್ತು ಪಟ್ಟು ದಂಡ ಕೊಡಬೇಕು, ತಪ್ಪಿದರೆ ಪೊಲೀಸರಿಗೆ ಒಪ್ಪಿಸಲಾಗುವುದು ಎಂದು ಬರೆದಿತ್ತು. ಅಮ್ಮನ ಮುಂದಿಟ್ಟ ಕಾಗದದಲ್ಲಿ ಹೆಸರು, ವಿಳಾಸ, ವಸ್ತು, ಬೆಲೆಗೆ ಮಾತ್ರ ಖಾಲಿ ಜಾಗವಿತ್ತು. ಉಳಿದುದೆಲ್ಲ ಮೊದಲೇ ಅಚ್ಚಾಗಿತ್ತು: ಈ ಮಳಿಗೆಯಿಂದ ಮೇಲ್ಕಂಡ ವಸ್ತುವನ್ನು ಕದ್ದಿದ್ದೇನೆ, ಸ್ವಇಚ್ಛೆಯಿಂದ ಒಪ್ಪಿಕೊಳ್ಳುತ್ತಿದ್ದೇನೆ, ದಂಡವನ್ನು ಸ್ವಇಚ್ಛೆಯಿಂದ ಪಾವತಿಸುತ್ತಿದ್ದೇನೆ, ಇದರ ಬಗ್ಗೆ ಮುಂದೆ ಯಾವ ತಕರಾರನ್ನೂ ಮಾಡುವುದಿಲ್ಲ. ಮರೆವಿನಿಂದ ಆದದ್ದು ಎಂದು ಬರೆಯುವುದಕ್ಕೆ ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ಅಂದರೆ ಆ ಕೋಣೆಗೆ ಬಂದವರೆಲ್ಲರೂ ಕಳ್ಳರೇ ಎಂಬ ತೀರ್ಮಾನವು ಕಾಗದವನ್ನು ಅಚ್ಚು ಹಾಕಿಸಿದ ದಿನವೇ ಆಗಿಹೋಗಿತ್ತು.

ಅಮ್ಮ ಮೊದಲು ಹತ್ತು ಪಟ್ಟು ಹಣವನ್ನು ಕೊಟ್ಟುಬಿಡುವ ಯೋಚನೆಯಲ್ಲೇ ಇದ್ದರಂತೆ. ಈ ಸುದ್ದಿ ಬೀದಿಗೆ ಬರುವುದಕ್ಕಿಂತ ನಾಲ್ಕು ಸಾವಿರ ಹೋಗುವುದೇ ವಾಸಿ ಎಂಬ ಭಾವನೆ ಯಾರಿಗಾದರೂ ಬರುವಂಥದೇ. ಮಾನಕ್ಕೆ ಅಂಜುವವರ ಆ ಅಂಜಿಕೆಯ ಮೇಲೆಯೇ ಇಡೀ ಏರ್ಪಾಡು ನಿಂತಿದೆ ಎಂದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ನಿಜವಾಗಿ ಕದಿಯುವುದನ್ನೇ ರೂಢಿ ಮಾಡಿಕೊಂಡವರು ಆಧಾರ್ ಕಾರ್ಡನ್ನು ಕೈಯಲ್ಲಿಟ್ಟುಕೊಂಡು ಬರುವುದಿಲ್ಲ, ನಾಲ್ಕು ಸಾವಿರ ಕೊಟ್ಟು ಹೋಗುವುದೂ ಇಲ್ಲ. ಆದರೆ ಕಾಗದದ ಮೊದಲ ಸಾಲನ್ನು ಓದಿದ ಮೇಲೆ ಅಮ್ಮ ಲೇಖನಿಯನ್ನು ಕೆಳಗಿಟ್ಟರು. ಮಗಳು ಬರುವವರೆಗೆ ಯಾವುದಕ್ಕೂ ಸಹಿ ಹಾಕುವುದಿಲ್ಲ ಎಂದು ಹೇಳಿ ನನಗೆ ಫೋನ್ ಮಾಡಿದರು. ನಾನು ಆಗ ಕಾಲೇಜಿನಲ್ಲಿದ್ದೆ. ಅವರ ಧ್ವನಿಯಲ್ಲಿ ನಡುಕವಿತ್ತು, ಮಾತಿನಲ್ಲಿ ಇರಲಿಲ್ಲ. ಆದದ್ದನ್ನು ಆದ ಕ್ರಮದಲ್ಲೇ ಹೇಳಿದರು.

ದಾರಿಯಲ್ಲೇ ನಾನು ನಮ್ಮ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ಅವನು ವಕೀಲ. ಅವನು ಹೇಳಿದ್ದನ್ನು ಇಲ್ಲಿ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಆ ಸಂಜೆ ನಮ್ಮನ್ನು ಕಾಪಾಡಿದ್ದು ಆ ಮಾಹಿತಿಯೇ. ‘ಅಕ್ಕಾ, ದೊಡ್ಡಮ್ಮನ ಹತ್ರ ಆ ಪೇಪರ್‌ಗೆ ಮಾತ್ರ ಸಹಿ ಹಾಕಿಸಬೇಡ, ದಂಡ ಅಂತ ಒಂದು ರೂಪಾಯೀನೂ ಕೊಡಬೇಡ, ಡಬ್ಬಿ ದುಡ್ಡು ಮಾತ್ರ ಕೊಡೋಕೆ ರೆಡಿ ಅಂತ ಎಲ್ಲರೆದುರಿಗೆ ಹೇಳು’ ಎಂಬುದು ಅವನ ಮೊದಲ ಮಾತು. ಕಾರಣಗಳನ್ನು ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು ಕಳ್ಳತನವನ್ನು ಕುರಿತದ್ದು. ಹಳೆಯ ದಂಡ ಸಂಹಿತೆಯ 378ನೆಯ ಕಲಮಿನಲ್ಲಿದ್ದಂತೆಯೇ ಇದರಲ್ಲಿಯೂ ಅಪ್ರಾಮಾಣಿಕ ಉದ್ದೇಶವೇ ಅಪರಾಧದ ಮೂಲ. ಇನ್ನೊಬ್ಬರ ವಶದಲ್ಲಿರುವ ಚರಾಸ್ತಿಯನ್ನು ಅವರ ಒಪ್ಪಿಗೆಯಿಲ್ಲದೆ, ಅನ್ಯಾಯವಾಗಿ ಲಾಭ ಪಡೆಯುವ ಅಥವಾ ಅನ್ಯಾಯವಾಗಿ ನಷ್ಟ ಉಂಟುಮಾಡುವ ಉದ್ದೇಶದಿಂದ ಕದಲಿಸಿದರೆ ಮಾತ್ರ ಅದು ಕಳವು. ಡಬ್ಬಿ ಬಾಗಿಲನ್ನು ದಾಟಿತು ಎಂಬುದರಿಂದಲೇ ಆ ಉದ್ದೇಶವಿತ್ತೆಂದು ಆಗುವುದಿಲ್ಲ. ಸುತ್ತಲಿನ ನಡವಳಿಕೆಯಿಂದ ಅದನ್ನು ತೋರಿಸಬೇಕು, ತೋರಿಸುವ ಭಾರ ಆರೋಪ ಮಾಡುವವರದು. ಇನ್ನು, ಕಳವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಅಪರಾಧಿಯೆಂದು ತೀರ್ಮಾನವಾದದ್ದು ಮೊದಲ ಬಾರಿಯಾಗಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಹೊಸ ಸಂಹಿತೆಯಲ್ಲಿ ಅದಕ್ಕೆ ಸಮುದಾಯ ಸೇವೆಯೇ ಶಿಕ್ಷೆ. ಕಳ್ಳತನವೆಂದು ನ್ಯಾಯಾಲಯದಲ್ಲಿ ಸಾಬೀತಾದ ಮೇಲೂ ಶಾಸನವು ಇಷ್ಟು ಮೃದುವಾಗಿರುವಲ್ಲಿ, ಏನೂ ಸಾಬೀತಾಗದ ಮೊದಲೇ ಒಂದು ಕೋಣೆಯೊಳಗೆ ಹತ್ತು ಪಟ್ಟು ದಂಡ ವಸೂಲಾಗುತ್ತಿರುವುದನ್ನು ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ದಂಡ ವಿಧಿಸುವ ಅಧಿಕಾರ ನ್ಯಾಯಾಲಯಕ್ಕಿದೆ, ಗೋಡೆಯ ಮೇಲೆ ಫಲಕ ತೂಗುಹಾಕಿದ ಮಾತ್ರಕ್ಕೆ ಅದು ಅಂಗಡಿಗೆ ಬರುವುದಿಲ್ಲ.

ಎರಡನೆಯದು ತಡೆದಿಟ್ಟುಕೊಳ್ಳುವ ವಿಷಯ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮು ಖಾಸಗಿ ವ್ಯಕ್ತಿಗೂ ಬಂಧಿಸುವ ಅಧಿಕಾರವನ್ನು ಕೊಡುತ್ತದೆ. ಆದರೆ ಘೋಷಿತ ಅಪರಾಧಿಗಳನ್ನು ಬಿಟ್ಟರೆ ಅದು ತನ್ನ ಕಣ್ಣೆದುರಿಗೆ ನಡೆದ, ಜಾಮೀನು ಸಿಗದ ಮತ್ತು ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧಗಳಿಗೆ ಮಾತ್ರ ಅನ್ವಯಿಸುತ್ತದೆ. ಹಾಗೆ ಹಿಡಿದವರನ್ನು ಅನಗತ್ಯವಾಗಿ ತಡಮಾಡದೆ, ಹೆಚ್ಚೆಂದರೆ 6 ಗಂಟೆಗಳೊಳಗೆ ಪೊಲೀಸರಿಗೆ ಒಪ್ಪಿಸಬೇಕು. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವನ್ನು ಆ ಸಂಹಿತೆಯ ಅನುಸೂಚಿಯೇ ಜಾಮೀನು ಸಿಗುವ, ವಾರಂಟಿಲ್ಲದೆ ಬಂಧಿಸಲಾಗದ ಅಪರಾಧಗಳ ಸಾಲಿಗೆ ಸೇರಿಸಿದೆ. ನಾನೂರು ರೂಪಾಯಿಯ ಡಬ್ಬಿಗಾಗಿ ಒಬ್ಬರನ್ನು ಕೋಣೆಯೊಳಗೆ ಕೂರಿಸಿ ಹೊರಗೆ ಬಿಡದಿದ್ದರೆ, ಅದೇ ನ್ಯಾಯ ಸಂಹಿತೆಯ 127ನೆಯ ಕಲಮಿನ ಅಕ್ರಮ ಬಂಧನದ ಪ್ರಶ್ನೆ ಅಂಗಡಿಯವರ ಮೇಲೆಯೇ ತಿರುಗಬಹುದು. ಪೊಲೀಸರ ಹೆಸರು ಹೇಳಿ ಹೆದರಿಸಿ ಹಣ ಪಡೆದರೆ 308ನೆಯ ಕಲಮಿನ ಸುಲಿಗೆಯ ಪ್ರಶ್ನೆಯೂ ಏಳಬಹುದು.

ಮೂರನೆಯದು ಅಚ್ಚು ಹಾಕಿದ ಆ ಕಾಗದ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮು ಹೇಳುತ್ತದೆ. ಖಾಸಗಿ ವ್ಯಕ್ತಿಗೆ ಬರೆದುಕೊಟ್ಟ ತಪ್ಪೊಪ್ಪಿಗೆಗೆ ಆ ಕಲಮಿನ ರಕ್ಷಣೆ ಇಲ್ಲ. ಬೆದರಿಕೆಯಿಂದ ಪಡೆದದ್ದೆಂದು ಮುಂದೆ ವಾದಿಸಬಹುದು, ಆದರೆ ಅದು ವಾದವಾಗುತ್ತದೆ, ವರ್ಷಗಳು ಹಿಡಿಯಬಹುದು. ಜನರು ಪೊಲೀಸರಿಗೆ ಹೆದರಿ ಅಂಗಡಿಯವರ ಕಾಗದಕ್ಕೆ ಸಹಿ ಹಾಕುತ್ತಾರೆ. ಸಹಿಯ ಮಟ್ಟಿಗೆ ನೋಡಿದರೆ ಹೆಚ್ಚು ಎಚ್ಚರ ಬೇಕಾದದ್ದು ಅಂಗಡಿಯವರ ಕಾಗದದ ಮುಂದೆಯೇ. ಇದು ನನಗೆ ಅಂದಿನವರೆಗೆ ಗೊತ್ತಿರದ ವಿಷಯ, ಬಹಳ ಮಂದಿಗೆ ಗೊತ್ತಿರಲಾರದು.

ನಾನು ಮಳಿಗೆ ತಲುಪಿದಾಗ ಅಮ್ಮ ಬೆನ್ನು ನೇರ ಮಾಡಿಕೊಂಡು ಕುರ್ಚಿಯಲ್ಲಿ ಕುಳಿತಿದ್ದರು. ಮೊದಲು ನೀರು ಕೊಡಿಸಿ, ಬಾಗಿಲನ್ನು ತೆರೆದೇ ಇಡಲು ಹೇಳಿದೆ. ವ್ಯವಸ್ಥಾಪಕರು ಇಪ್ಪತ್ತೆಂಟು ಮೂವತ್ತರ ಯುವಕ. ಕೆಟ್ಟ ಮಾತನ್ನೇನೂ ಆಡಲಿಲ್ಲ. ‘ಮೇಡಂ, ನಮ್ಮ ಕೈಯಲ್ಲಿ ಏನೂ ಇಲ್ಲ, ಕಂಪನಿ ರೂಲ್ಸ್’ ಎಂಬ ಮಾತನ್ನೇ ಮತ್ತೆ ಮತ್ತೆ ಹೇಳಿದರು. ಹಾಗಾದರೆ ಆ ನಿಯಮವನ್ನು ಬರಹದಲ್ಲಿ ತೋರಿಸಿ ಎಂದಾಗ ಗೋಡೆಯ ಫಲಕವನ್ನೇ ತೋರಿಸಿದರು. ಅಮ್ಮನನ್ನು ಇಲ್ಲಿಂದ ಹೊರಡಲು ಬಿಡುತ್ತೀರಾ ಇಲ್ಲವಾ ಎಂದು ನೇರವಾಗಿ ಕೇಳಿದೆ. ಕಾಗದ ಮುಗಿಯದೆ ಬಿಡುವ ಹಾಗಿಲ್ಲ ಎಂಬ ಉತ್ತರ ಬಂತು. ಕೇಸರಿಯ ಬೆಲೆಯನ್ನು ಕೌಂಟರಿನಲ್ಲಿ ಕೊಟ್ಟು ಬಿಲ್ಲು ಪಡೆಯಲು ನಾವು ಸಿದ್ಧ, ಅದಕ್ಕೆ ಮೀರಿದ್ದು ಏನಿದ್ದರೂ ಪೊಲೀಸರ ಎದುರಿಗೇ ಆಗಲಿ ಎಂದು ಹೇಳಿ, ಅಲ್ಲಿಂದಲೇ 112ಕ್ಕೆ ಕರೆ ಮಾಡಿದೆ. ಹಿರಿಯ ನಾಗರಿಕರೊಬ್ಬರನ್ನು ಅಂಗಡಿಯ ಕೋಣೆಯಲ್ಲಿ ತಡೆದಿಟ್ಟುಕೊಂಡಿದ್ದಾರೆ ಎಂದು ಸ್ಥಳದ ಗುರುತು ಸಮೇತ ತಿಳಿಸಿದೆ. ಪೊಲೀಸರ ಹೆಸರನ್ನು ಅಷ್ಟು ಹೊತ್ತು ಬಳಸುತ್ತಿದ್ದವರಿಗೆ, ನಾವೇ ಅವರನ್ನು ಕರೆಸುತ್ತೇವೆಂಬ ನಿರೀಕ್ಷೆ ಇರಲಿಲ್ಲವೆಂಬುದು ಅವರ ಮುಖದಲ್ಲಿ ಕಾಣುತ್ತಿತ್ತು.

ಗಸ್ತು ವಾಹನದಲ್ಲಿ ಬಂದವರು ಒಬ್ಬ ಹೆಡ್ ಕಾನ್‌ಸ್ಟೆಬಲ್, ಅವರ ಜೊತೆಗೆ ಒಬ್ಬ ಮಹಿಳಾ ಕಾನ್‌ಸ್ಟೆಬಲ್. ಇಬ್ಬರ ನಡವಳಿಕೆಯೂ ಸಮಾಧಾನದ್ದಾಗಿತ್ತು. ಹೆಡ್ ಕಾನ್‌ಸ್ಟೆಬಲ್ ಎರಡೂ ಕಡೆಯವರ ಮಾತು ಕೇಳಿ, ಮೊದಲು ವಸ್ತುವಿನ ಬೆಲೆ ಎಷ್ಟೆಂದು ವಿಚಾರಿಸಿದರು, ಆಮೇಲೆ ಬಿಲ್ಲು ನೋಡಿದರು. ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚಿನ ಸಾಮಾನಿಗೆ ಹಣ ಸಂದಾಯವಾಗಿತ್ತು. ನಂತರ ಕೌಂಟರಿನ ಕ್ಯಾಮೆರಾದ ದೃಶ್ಯವನ್ನು ತೋರಿಸಲು ಹೇಳಿದರು. ನಾನು ಕೇಳಿದಾಗ ಮುಖ್ಯ ಕಚೇರಿಯ ಅನುಮತಿ ಬೇಕೆಂದು ನಿರಾಕರಿಸಿದ್ದ ದೃಶ್ಯ ಅದು. ಪರದೆಯ ಮೇಲೆ, ಅಮ್ಮ ಕನ್ನಡಕದ ಪೆಟ್ಟಿಗೆಯನ್ನೂ ಡಬ್ಬಿಯನ್ನೂ ಒಂದೇ ಕೈಯಲ್ಲಿ, ಎಲ್ಲರಿಗೂ ಕಾಣುವಂತೆ ಹಿಡಿದು ಸರದಿಯಲ್ಲಿ ನಿಂತಿದ್ದರು. ಮೊಬೈಲನ್ನು ಹುಡುಗಿಯ ಕಡೆಗೆ ತಿರುಗಿಸಿ ತೋರಿಸುವಾಗಲೂ ಡಬ್ಬಿ ಆ ಕೈಯಲ್ಲೇ ಇತ್ತು. ಆ ಹುಡುಗಿ ಅದನ್ನು ಗಮನಿಸಲಿಲ್ಲ, ಅಮ್ಮನೂ ಗಮನಿಸಲಿಲ್ಲ. ಬಾಗಿಲಿನ ಕ್ಯಾಮೆರಾದಲ್ಲಿ, ಅಮ್ಮ ತಾವೇ ಕೈಚೀಲ ತೆರೆದು ಡಬ್ಬಿಯನ್ನು ಕಾವಲುಗಾರನಿಗೆ ತೋರಿಸಿ ಕೌಂಟರಿನ ಕಡೆಗೆ ಕೈಮಾಡುತ್ತಿದ್ದದ್ದೂ ಸ್ಪಷ್ಟವಾಗಿತ್ತು.

‘ಕಂಪ್ಲೇಂಟ್ ಕೊಡೋದಾದ್ರೆ ಬರೆದುಕೊಡ್ರಿ, ರಿಜಿಸ್ಟರ್‌ನಲ್ಲಿ ಬರ್ಕೊಂಡು ಹಿಂಬರಹ ಕೊಡ್ತೀವಿ. ಅದು ಬಿಟ್ಟು ವಯಸ್ಸಾದವರನ್ನ ಹೀಗೆ ಕೂರಿಸ್ಕೊಂಡು ದುಡ್ಡು ಕೇಳೋ ಹಾಗಿಲ್ಲ’ ಎಂದು ಅವರು ವ್ಯವಸ್ಥಾಪಕರಿಗೆ ಹೇಳಿದರು. ಇಂಥ ಪ್ರಕರಣಗಳಲ್ಲಿ ಪೊಲೀಸರು ಮಾಹಿತಿಯನ್ನು ಪುಸ್ತಕದಲ್ಲಿ ದಾಖಲಿಸಿ ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಬೇಕು, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡುವಂತಿಲ್ಲ ಎಂದು ಸುರಕ್ಷಾ ಸಂಹಿತೆಯ 174ನೆಯ ಕಲಮು ಹೇಳುತ್ತದೆ. ವ್ಯವಸ್ಥಾಪಕರು ಫೋನಿನಲ್ಲಿ ಮೇಲಿನವರೊಂದಿಗೆ ಮಾತನಾಡಿ ಬಂದು, ದೂರು ಕೊಡುವುದಿಲ್ಲ ಎಂದರು. ಆಧಾರ್ ಕಾರ್ಡ್ ವಾಪಸ್ಸಾಯಿತು. ಕೌಂಟರಿನಲ್ಲಿ ಕೇಸರಿಗೆ ಬೇರೆ ಬಿಲ್ಲು ಮಾಡಿಸಿದೆವು. ಆ ಬಿಲ್ಲಿನ ಮೇಲೆ ಸಮಯ ಅಚ್ಚಾಗಿರುವುದರಿಂದ ಅದನ್ನೂ ಮೊದಲ ಬಿಲ್ಲನ್ನೂ ಜೊತೆಯಲ್ಲಿಟ್ಟುಕೊಂಡೆವು.

ಫೋಟೊದ ವಿಷಯ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಮೊಬೈಲಿನಿಂದ ಅಳಿಸಿದ್ದೇನೆಂದು ವ್ಯವಸ್ಥಾಪಕರು ತೋರಿಸಿದರು. ಆದರೆ ಅದು ಅದಾಗಲೇ ಬೇರೆ ಬೇರೆ ಶಾಖೆಗಳ ಕಾವಲು ಸಿಬ್ಬಂದಿ ಇರುವ ವಾಟ್ಸ್ಆ್ಯಪ್ ಗುಂಪಿಗೆ ಹೋಗಿತ್ತೆಂದು ಆ ಮಹಿಳಾ ಕಾನ್‌ಸ್ಟೆಬಲ್ ಕೇಳಿದ ಮೇಲೆ ಗೊತ್ತಾಯಿತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ಊರಿನ ಮಕ್ಕಳಿಗೆ ಪಾಠ ಹೇಳಿದವರ ಮುಖ, ಕೈಯಲ್ಲೊಂದು ಡಬ್ಬಿಯೊಂದಿಗೆ, ಹೆಸರಿಲ್ಲದವರ ಮೊಬೈಲುಗಳಲ್ಲಿ ಇರುತ್ತದೆಂಬುದು ನನಗೆ ಇಡೀ ಪ್ರಸಂಗದಲ್ಲಿ ಸಹಿಸಲಾಗದೆ ಹೋದ ಸಂಗತಿ. ಹಣವನ್ನಾದರೆ ವಾಪಸು ಕೇಳಬಹುದು.

ಹೊರಡುವಾಗ ಬಿಲ್ಲಿಂಗಿನ ಹುಡುಗಿ ಪಕ್ಕಕ್ಕೆ ಬಂದು, ‘ಅಮ್ಮಾ, ಬೇಜಾರು ಮಾಡ್ಕೋಬೇಡಿ, ಸ್ಟಾಕ್ ಕಮ್ಮಿ ಬಂದ್ರೆ ನಮ್ಮ ಸಂಬಳದಲ್ಲೇ ಹಿಡೀತಾರೆ’ ಎಂದಳು. ಕಳವು ಅಂಗಡಿಗಳ ನಿಜವಾದ ಸಮಸ್ಯೆ ಎಂಬುದರಲ್ಲಿ ಅನುಮಾನವಿಲ್ಲ, ಆ ನಷ್ಟದ ಭಾರ ಕೆಳಗಿನವರ ಮೇಲೆ ಬೀಳುವುದಾದರೆ ಅವರು ಬಾಗಿಲಿನಲ್ಲಿ ಕಠಿಣರಾಗುವುದೂ ಅರ್ಥವಾಗುತ್ತದೆ. ಆದ್ದರಿಂದಲೇ ನಾವು ಆ ಹುಡುಗಿಯ ಮೇಲಾಗಲಿ ಕಾವಲುಗಾರನ ಮೇಲಾಗಲಿ ದೂರದಿರಲು ನಿರ್ಧರಿಸಿದೆವು. ಆ ಕಾಗದವನ್ನು ಬರೆಸಿದವರು ಆ ಕೋಣೆಯಲ್ಲಿ ಇರಲಿಲ್ಲ.

ಮನೆಗೆ ಬಂದ ಮೇಲೆ, ಅಂದು ರಾತ್ರಿಯೇ, ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಬರೆದಿಡುವಂತೆ ವಕೀಲ ತಮ್ಮ ಹೇಳಿದ. ಅಮ್ಮ ಮಾತ್ರೆ ತೆಗೆದುಕೊಂಡು, ಮೇಜಿನ ಮುಂದೆ ಕುಳಿತು, ಮಳಿಗೆಗೆ ಹೋದ ಹೊತ್ತಿನಿಂದ ವಾಪಸ್ಸು ಬಂದ ಹೊತ್ತಿನವರೆಗೆ ನಡೆದದ್ದನ್ನು, ಯಾರು ಏನೆಂದರು ಎಂಬುದನ್ನೂ ಸೇರಿಸಿ, ಒಂದೂ ವಿಶೇಷಣವಿಲ್ಲದೆ ಬರೆದರು. ಕೊನೆಯಲ್ಲಿ ದಿನಾಂಕ ಹಾಕಿ ಸಹಿ ಮಾಡಿದರು. ಅದು ಅವರ ಸ್ವಂತ ಹೇಳಿಕೆ, ತಾವೇ ಬರೆದದ್ದು. ಅದಕ್ಕೆ ಎರಡೂ ಬಿಲ್ಲುಗಳ ಪ್ರತಿ, ಯುಪಿಐ ಪಾವತಿಯ ವಿವರ, 112ಕ್ಕೆ ಮಾಡಿದ ಕರೆಯ ಸಮಯ ಇವನ್ನು ಲಗತ್ತಿಸಿದೆವು. ಬಿಲ್ಲಿನ ಥರ್ಮಲ್ ಕಾಗದದ ಮೇಲಿನ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುವುದರಿಂದ ಮೊದಲೇ ಜೆರಾಕ್ಸ್ ಮಾಡಿಸಿಟ್ಟುಕೊಂಡದ್ದು ಒಳ್ಳೆಯದಾಯಿತು.

ಮರುದಿನವೇ ಕಂಪನಿಯ ಮುಖ್ಯ ಕಚೇರಿಗೆ ಇಮೇಲ್ ಕಳಿಸಿ, ಅದರ ಪ್ರತಿಯನ್ನು ಸ್ಪೀಡ್ ಪೋಸ್ಟ್ ಮೂಲಕವೂ ಕಳಿಸಿದೆವು. ಅವಸರಕ್ಕೆ ಕಾರಣ ಕ್ಯಾಮೆರಾ. ಅಂಗಡಿಗಳ ಯಂತ್ರಗಳಲ್ಲಿ ಜಾಗ ತುಂಬಿದ ಮೇಲೆ ಹಳೆಯ ದೃಶ್ಯದ ಮೇಲೆಯೇ ಹೊಸದು ದಾಖಲಾಗುತ್ತಾ ಹೋಗುತ್ತದೆ. ಕೆಲವೇ ವಾರಗಳಲ್ಲಿ ನಮ್ಮ ಪರವಾದ ಸಾಕ್ಷ್ಯ ಇಲ್ಲವಾಗಬಹುದಿತ್ತು. ಆದ್ದರಿಂದ ಪತ್ರದ ಮೊದಲ ಕೋರಿಕೆಯೇ, ಇಂಥ ದಿನ ಇಂಥ ಸಮಯದ ಕೌಂಟರ್, ಬಾಗಿಲು ಮತ್ತು ಒಳಕೋಣೆಯ ದಾರಿಯ ದೃಶ್ಯಗಳನ್ನು ಅಳಿಸದೆ ಕಾಯ್ದಿರಿಸಬೇಕು ಎಂಬುದು. ಮುಂದೆ ನ್ಯಾಯಾಲಯಕ್ಕೆ ಹಾಜರುಪಡಿಸಬೇಕಾಗಿ ಬಂದರೆ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಪ್ರಮಾಣಪತ್ರದೊಂದಿಗೆ ಕೊಡಬೇಕಾಗುತ್ತದೆಂದೂ ಸೂಚಿಸಿದೆವು. ಎರಡನೆಯ ಕೋರಿಕೆ, ಅಮ್ಮನ ಫೋಟೊವನ್ನು ಎಲ್ಲ ಗುಂಪುಗಳಿಂದಲೂ ಎಲ್ಲ ಮೊಬೈಲುಗಳಿಂದಲೂ ತೆಗೆಸಿ, ತೆಗೆಸಿದ್ದನ್ನು ಬರಹದಲ್ಲಿ ದೃಢಪಡಿಸಬೇಕು ಎಂಬುದು. ಅದು ಹರಡಿದರೆ ನ್ಯಾಯ ಸಂಹಿತೆಯ 356ನೆಯ ಕಲಮಿನಡಿ ಮಾನನಷ್ಟದ ದೂರನ್ನು ಕೊಡಲಾಗುವುದೆಂದು ಅದರಲ್ಲೇ ತಿಳಿಸಿದೆವು. ಮೂರನೆಯದು ಅಮ್ಮನೇ ಹೇಳಿ ಬರೆಸಿದ್ದು. ಆ ಅಚ್ಚಿನ ಕಾಗದವನ್ನೂ ಹತ್ತು ಪಟ್ಟು ದಂಡದ ಫಲಕವನ್ನೂ ಎಲ್ಲ ಶಾಖೆಗಳಿಂದ ಹಿಂತೆಗೆದುಕೊಳ್ಳಬೇಕು. ಬಾಗಿಲಿನಲ್ಲಿ ಬಿಲ್ಲಿಗೆ ಸೇರದ ವಸ್ತು ಸಿಕ್ಕಿದಾಗ, ಹಣ ಕೊಡಲು ಸಿದ್ಧರಿರುವವರನ್ನು ಮೊದಲು ಕೌಂಟರಿಗೆ ಕಳಿಸುವ ಕ್ರಮ ಬರಬೇಕು. ಪರಿಹಾರದ ಹಣವನ್ನು ಕೇಳೋಣವೆಂದು ನಾನೆಂದೆ. ಅಮ್ಮ ಬೇಡವೆಂದರು, ಪತ್ರದಲ್ಲಿ ಹಣದ ಮಾತು ಬಂದರೆ ಉಳಿದ ಮಾತಿನ ತೂಕ ಇಳಿಯುತ್ತದೆ ಎಂಬುದು ಅವರ ನಿಲುವು. ನಾನು ಇದನ್ನು ಇಂದಿಗೂ ಪೂರ್ತಿ ಒಪ್ಪಿಲ್ಲ, ಆದರೆ ಅವಮಾನ ಅವರದು, ತೀರ್ಮಾನವೂ ಅವರದೇ ಆಗಬೇಕಿತ್ತು.

ಉತ್ತರಕ್ಕೆ ಕಾಯುವ ದಿನಗಳಲ್ಲಿ ಅಮ್ಮನಿಗೆ ಆದದ್ದನ್ನು ಬರೆಯದಿದ್ದರೆ ಈ ಕಥನ ಅಪೂರ್ಣ. ಹಬ್ಬ ನಡೆಯಿತು, ಬಾಗಿನ ಕೊಟ್ಟೆವು. ಆದರೆ ಯಾವ ಅಂಗಡಿಗೆ ಹೋದರೂ ಹೊರಬರುವ ಮೊದಲು ಕೈಚೀಲವನ್ನು ಮೇಜಿನ ಮೇಲೆ ಬರಿದು ಮಾಡಿ ತೋರಿಸುವ ಅಭ್ಯಾಸ ಅವರಿಗೆ ಅಂಟಿಕೊಂಡಿತು. ಔಷಧದಂಗಡಿಯಲ್ಲೂ ಹಾಗೆ ಮಾಡಿದಾಗ, ವರ್ಷಗಳಿಂದ ಅವರನ್ನು ಬಲ್ಲ ಅಂಗಡಿಯಾತ ಗಾಬರಿಯಿಂದ ‘ಯಾಕೆ ಟೀಚರ್, ಏನಾಯ್ತು?’ ಎಂದು ಕೇಳಿದರು. ತಮಗೆ ಮರೆವಿನ ಕಾಯಿಲೆ ಶುರುವಾಗಿದೆಯೇನೋ ಎಂಬ ಅಂಜಿಕೆಯೂ ಅವರನ್ನು ಕಾಡಿತು. ನಮ್ಮ ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಅವರು ನೆನಪಿನ ಶಕ್ತಿಯನ್ನು ನೋಡುವ ಪ್ರಶ್ನೆಗಳನ್ನು ಕೇಳಿ, ಚಿತ್ರ ಬರೆಸಿ, ನೂರರಿಂದ ಏಳೇಳು ಕಳೆಯುತ್ತಾ ಬರಲು ಹೇಳಿದರು. ಗಣಿತದ ಟೀಚರು ತಡವರಿಸದೆ ಕೊನೆಯವರೆಗೆ ಕಳೆದರು. ಗಮನ ಹಲವು ಕಡೆಗೆ ಹರಿದಿರುವಾಗ ಕೈಯಲ್ಲಿರುವ ವಸ್ತು ಮನಸ್ಸಿನಿಂದ ಜಾರುವುದು ಯಾವ ವಯಸ್ಸಿನವರಿಗೂ ಆಗುತ್ತದೆಂದು ವೈದ್ಯರು ಹೇಳಿದ ಮೇಲೆಯೇ ಅವರಿಗೆ ಸ್ವಲ್ಪ ನೆಮ್ಮದಿಯಾಯಿತು.

ಕಂಪನಿಯಿಂದ ಮೊದಲು ಬಂದದ್ದು, ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ ಎಂಬ ಒಕ್ಕಣೆಯ ಇಮೇಲ್. ಕೇಳಿದ ಮೂರರಲ್ಲಿ ಒಂದಕ್ಕೂ ಅದರಲ್ಲಿ ಉತ್ತರವಿರಲಿಲ್ಲ. ನಾವು ಮತ್ತೆ ಬರೆದೆವು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ದೂರನ್ನು ದಾಖಲಿಸಿ, ಆ ದೂರಿನ ಸಂಖ್ಯೆಯನ್ನು ಪತ್ರದ ಮೇಲ್ಭಾಗದಲ್ಲಿ ನಮೂದಿಸಿದೆವು. ಆಮೇಲೆ ಬಂದ ಉತ್ತರಕ್ಕೆ ಜವಾಬ್ದಾರಿಯುಳ್ಳ ಅಧಿಕಾರಿಯ ಸಹಿ ಇತ್ತು. ಕ್ಯಾಮೆರಾ ದೃಶ್ಯವನ್ನು ಪ್ರತ್ಯೇಕವಾಗಿ ತೆಗೆದಿರಿಸಲಾಗಿದೆ, ಫೋಟೊವನ್ನು ಗುಂಪಿನಿಂದಲೂ ಸಿಬ್ಬಂದಿಯ ಮೊಬೈಲುಗಳಿಂದಲೂ ಅಳಿಸಲಾಗಿದೆ, ನಿಮ್ಮ ತಾಯಿಯವರ ಮೇಲೆ ಕಂಪನಿಗೆ ಯಾವ ಆರೋಪವೂ ಇಲ್ಲ, ಅವರಿಗಾದ ನೋವಿಗೆ ಕ್ಷಮೆ ಕೋರುತ್ತೇವೆ ಎಂದಿತ್ತು. ಮೈಸೂರಿನ ಆ ಮಳಿಗೆಯಿಂದ ಫಲಕವನ್ನು ತೆಗೆಯಲಾಗಿದೆ ಎಂದೂ ಇತ್ತು. ಉಳಿದ ಶಾಖೆಗಳ ಬಗ್ಗೆ, ನೀತಿಯನ್ನು ಪರಿಶೀಲಿಸಲಾಗುತ್ತಿದೆ ಎಂಬ ಒಂದೇ ಸಾಲು.

ಆ ಒಂದು ಸಾಲು ಅಮ್ಮನಿಗೆ ಒಪ್ಪಿಗೆಯಾಗಿಲ್ಲ. ತಮ್ಮ ಹೆಸರಿಗೆ ಅಂಟಿದ್ದು ಹೋಯಿತು, ಆದರೆ ಬೇರೆ ಊರಿನ ಶಾಖೆಯಲ್ಲಿ ಇನ್ನೊಬ್ಬರ ಮುಂದೆ ಅದೇ ಕಾಗದ ಬಂದು ಕೂರುತ್ತದಲ್ಲ ಎಂದು ಅವರು ಕೇಳುತ್ತಾರೆ. ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಕೊಡಲು ಘಟನೆಯಿಂದ 2 ವರ್ಷಗಳ ಅವಧಿ ಇರುತ್ತದೆ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂಬ ಕಡ್ಡಾಯವೂ ಇಲ್ಲ. ದೂರಿನ ಕರಡನ್ನು ತಮ್ಮ ಸಿದ್ಧಪಡಿಸಿದ್ದಾನೆ. ಪರಿಹಾರದ ಕಾಲಮಿನಲ್ಲಿ ಹಣದ ಮೊತ್ತದ ಬದಲು, ಆ ನಮೂನೆಯನ್ನು ಎಲ್ಲ ಶಾಖೆಗಳಲ್ಲಿಯೂ ನಿಲ್ಲಿಸುವಂತೆ ಆದೇಶಿಸಬೇಕೆಂದು ಅಮ್ಮ ಬರೆಸಿದ್ದಾರೆ. ಕಂಪನಿಯ ಪರಿಶೀಲನೆ ಏನಾಯಿತೆಂದು ಕೇಳಿ ಇನ್ನೊಂದು ಪತ್ರವನ್ನು ಕಳಿಸಿದ್ದೇವೆ. ಅದಕ್ಕೆ ಸರಿಯಾದ ಉತ್ತರ ಬಾರದಿದ್ದರೆ ಕರಡಿನ ಕೆಳಗೆ ಸಹಿ ಹಾಕಿ ಸಲ್ಲಿಸುವುದೆಂದು ನಿಶ್ಚಯಿಸಿದ್ದೇವೆ.